ಮರ ತೇಲುತ್ತಿದೆಯೇ? ಮರವನ್ನು ಮುಟ್ಟಬೇಡಿ: ಗಾಲ್ಫ್ ಕೋರ್ಸ್ ವಿನ್ಯಾಸದಲ್ಲಿ ಆಬ್ಜೆಕ್ಟ್ ದೋಷ ಹಿಡಿಯುವ ಕೈಪಿಡಿ

ಪುಣೆ, ಮುಂಬೈ ಕಡೆ ಗಾಲ್ಫ್ ಸಿಮ್ಯುಲೇಟರ್ (ಪರದೆಯ ಮೇಲೆ ಗಾಲ್ಫ್ ಆಡಿಸುವ ಯಂತ್ರ) ಇಟ್ಟ ಜಾಗಗಳು ಈಗ ಅಲ್ಲಲ್ಲಿ ಇವೆ. ಅವುಗಳಲ್ಲಿ ಆಡೋಕೆ ನಮ್ಮದೇ ಕೋರ್ಸ್ (ಗಾಲ್ಫ್ ಮೈದಾನ) ಕಟ್ಟುವ ಹುಚ್ಚು ಕನ್ನಡದ ಕೆಲವು ಹುಡುಗರಿಗೂ ಹತ್ತಿದೆ. ಒಬ್ಬ ಡೊಂಬಿವಲಿಯಲ್ಲಿ, ಒಬ್ಬ ವಾಸ್ಕೋದಲ್ಲಿ, ಇಬ್ಬರು ಇಲ್ಲೇ ಕೋಥ್ರೂಡ್‌ನಲ್ಲಿ. ನೆಲ, ಫೇರ್‌ವೇ, (ಕತ್ತರಿಸಿದ ಹುಲ್ಲಿನ ದಾರಿ), ಗ್ರೀನ್ (ಕುಳಿ ಇರುವ ನುಣುಪು ಹುಲ್ಲು) ತನಕ ಎಲ್ಲರೂ ಹೇಗೋ ಮುಟ್ಟುತ್ತಾರೆ. ಮರ, ಗೋಡೆ, ಬೆಂಚು, ಗೂಟದಂಥ ಆಬ್ಜೆಕ್ಟ್ ಇಡೋಕೆ ಹೊರಟಾಗ ಫೋನ್ ಶುರುವಾಗುತ್ತದೆ. "ಅಣ್ಣಾ, ತೆಂಗಿನಮರ ಗಾಳಿಯಲ್ಲಿ ನಿಂತಿದೆ, ಏನ್ ಮಾಡ್ಲಿ?"

ಮೊದಲು ಮರದಿಂದ ಕೈ ತೆಗಿ ಅನ್ನುತ್ತೇನೆ. ಮರದಲ್ಲೇ ತಪ್ಪಿರುವುದು ಕಡಿಮೆ. ನಕ್ಷೆ, ನೆಲ, ಮಾಡೆಲ್, ಸೆಟ್ಟಿಂಗ್, ಈ ನಾಲ್ಕರಲ್ಲಿ ಎಲ್ಲೋ ಒಂದು ಕಡೆ ಕೆಟ್ಟಿರುತ್ತದೆ. ಅದು ಕಣ್ಣಿಗೆ ಬೀಳುವುದು ಮರದಲ್ಲಿ. ಒಂದೊಂದೇ ಮರವನ್ನು ಎಳೆದು ನೆಲಕ್ಕೆ ಕೂರಿಸಿದರೆ ಕಾರಣ ಹಾಗೇ ಉಳಿಯುತ್ತದೆ. ಎಷ್ಟು ತೇಲುತ್ತಿತ್ತು, ಯಾವ ಕಡೆ ಜಾರಿತ್ತು ಅನ್ನೋ ಸುಳಿವು ಮಾತ್ರ ಅಳಿಸಿಹೋಗುತ್ತದೆ.

ಇಲ್ಲಿ ಹೇಳುವುದು ಕ್ಯೂಜಿಐಎಸ್‌ನಲ್ಲಿ ನಕ್ಷೆ, ಬ್ಲೆಂಡರ್‌ನಲ್ಲಿ ಮಾಡೆಲ್, ಯೂನಿಟಿಯಲ್ಲಿ ಕೋರ್ಸ್ ಅನ್ನುವ ಸರಣಿಗೆ. ಜಿಎಸ್‌ಪ್ರೊ ಸಿಮ್ಯುಲೇಟರ್‌ಗೆ ಕೋರ್ಸ್ ಮಾಡುವವರು ಹಿಡಿಯುವ ದಾರಿ ಇದು. ಬೇರೆ ತಂತ್ರಾಂಶ ಬಳಸುವವರಿಗೆ ಮೆನು ಹೆಸರು ಬೇರೆ ಇರಬಹುದು, ಪತ್ತೆ ಮಾಡುವ ಬಗೆ ಇದೇ.

ಒಂದಾ, ಒಂದು ಜಾತಿಯಾ, ಎಲ್ಲವೂನಾ?

ಯಾವ ದೋಷ ಬಂದರೂ ಮೊದಲು ಕೇಳಬೇಕಾದ್ದು ಇದು. ಒಂದೇ ಒಂದು ಮರ ಕೆಟ್ಟಿದ್ದರೆ ಅದು ಕೈತಪ್ಪು. ಸರಿಸಿ, ಮರೆತುಬಿಡಿ. ಒಂದು ಜಾತಿಯ ಮರಗಳೆಲ್ಲ ಕೆಟ್ಟು ಉಳಿದವು ಚೆನ್ನಾಗಿದ್ದರೆ ತಪ್ಪು ಆ ಮಾಡೆಲ್‌ನಲ್ಲಿದೆ. ಒಂದು ಜಾಗದಲ್ಲಿರುವ ಎಲ್ಲ ಜಾತಿಯೂ ಕೆಟ್ಟಿದ್ದರೆ ಅಲ್ಲಿನ ನೆಲ ನೋಡಿ. ಇಡೀ ಕೋರ್ಸ್‌ನಲ್ಲಿ ಎಲ್ಲವೂ ಕೆಟ್ಟಿದ್ದರೆ ನಕ್ಷೆ ಇಲ್ಲವೇ ಪ್ರಾಜೆಕ್ಟ್ ಸೆಟ್ಟಿಂಗ್.

ಹೇಳೋಕೆ ಸುಲಭ ಅನಿಸುತ್ತದೆ. ಆದರೆ ಫೋನ್ ಮಾಡುವವರು ಕಣ್ಣಿಗೆ ಬಿದ್ದ ಮೊದಲ ಮರದ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಪಕ್ಕದ ಬೆಂಚು ಹೇಗಿದೆ ಅಂತ ಕೇಳಿದರೆ "ನೋಡಿಲ್ಲ" ಅನ್ನುತ್ತಾರೆ. ಬೆಂಚು ನೋಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಗಾತ್ರ ಸರಿಯಿಲ್ಲ: ಭಾಗಿಸಿ ನೋಡಿ

ಮರ ತುಂಬಾ ದೊಡ್ಡದು, ಬಾವುಟ ತುಂಬಾ ಚಿಕ್ಕದು ಅನ್ನುವ ದೂರುಗಳಿಗೆ ಕಣ್ಣಳತೆ ಸಾಲದು. ಬ್ಲೆಂಡರ್‌ನಲ್ಲೂ ಯೂನಿಟಿಯಲ್ಲೂ ಒಂದು ಯೂನಿಟ್ ಅಂದರೆ ಒಂದು ಮೀಟರ್. ಯೂನಿಟಿಯ ಸಾದಾ ಕ್ಯೂಬ್ 1 ಮೀಟರ್, ಸಾದಾ ಕ್ಯಾಪ್ಸೂಲ್ 2 ಮೀಟರ್ ಎತ್ತರ. ಅನುಮಾನ ಬಂದ ಆಬ್ಜೆಕ್ಟ್ ಪಕ್ಕ ಒಂದು ಕ್ಯಾಪ್ಸೂಲ್ ನಿಲ್ಲಿಸಿ. ಬಾವುಟದ ಕೋಲು ಕನಿಷ್ಠ 7 ಅಡಿ, ಅಂದರೆ ಸುಮಾರು 2.13 ಮೀಟರ್ ಇರಲಿ ಎಂಬುದು ಆಟದ ಶಿಫಾರಸು. ಹಾಗಾಗಿ ಅದು ಕ್ಯಾಪ್ಸೂಲ್‌ಗಿಂತ ಸ್ವಲ್ಪ ಎತ್ತರ ಕಾಣಬೇಕು. ಗ್ರೀನ್ ಮೇಲಿನ ಕುಳಿ 4.25 ಇಂಚು ಅಗಲ, ಸುಮಾರು 108 ಮಿಲಿಮೀಟರ್.

ಈಗ ಇರುವ ಅಳತೆಯನ್ನು ಇರಬೇಕಾದ ಅಳತೆಯಿಂದ ಭಾಗಿಸಿ. ಬರುವ ಸಂಖ್ಯೆ ಸಾಮಾನ್ಯವಾಗಿ ತಪ್ಪು ಎಲ್ಲಿದೆ ಅಂತ ನೇರವಾಗಿ ಹೇಳಿಬಿಡುತ್ತದೆ.

100 ಅಥವಾ 0.01 ಬಂದರೆ ಸೆಂಟಿಮೀಟರ್-ಮೀಟರ್ ಗೊಂದಲ. ಬ್ಲೆಂಡರ್‌ನಿಂದ ಎಫ್‌ಬಿಎಕ್ಸ್ (ಮಾಡೆಲ್ ಸಾಗಿಸುವ ಫೈಲ್) ಕಳಿಸುವಾಗ ಸ್ಕೇಲ್ ಅಪ್ಲೈ ಮಾಡದಿದ್ದರೆ, ಅಂದರೆ ಹಿಗ್ಗಿಸಿ-ಕುಗ್ಗಿಸಿದ ಲೆಕ್ಕವನ್ನು ಮಾಡೆಲ್‌ಗೇ ಸೇರಿಸದಿದ್ದರೆ ಹೀಗಾಗುತ್ತದೆ. ಜೊತೆಗೆ ಆಬ್ಜೆಕ್ಟ್ ಮಲಗಿಕೊಂಡಿದ್ದರೆ ಇನ್ನೂ ಖಾತ್ರಿ. ಬ್ಲೆಂಡರ್‌ನಲ್ಲಿ ಮೇಲ್ಮುಖ ಅಕ್ಷ ಝಡ್, ಯೂನಿಟಿಯಲ್ಲಿ ವೈ. ಆ 90 ಡಿಗ್ರಿ ವ್ಯತ್ಯಾಸ ಎಕ್ಸ್‌ಪೋರ್ಟ್‌ನಲ್ಲಿ ಸರಿಯಾಗಿ ತೀರದಿದ್ದರೆ ಗೋಡೆ ನೆಲದ ಮೇಲೆ ಚಾಪೆ ಹಾಸಿದಂತೆ ಬಿದ್ದಿರುತ್ತದೆ. ಯೂನಿಟಿಯಲ್ಲಿ ಎತ್ತಿ ನಿಲ್ಲಿಸಬೇಡಿ. ಬ್ಲೆಂಡರ್‌ಗೆ ಹೋಗಿ ರೊಟೇಶನ್, ಸ್ಕೇಲ್ ಎರಡನ್ನೂ ಅಪ್ಲೈ ಮಾಡಿ ಮತ್ತೆ ಕಳಿಸಿ.

3.28 ಬಂದರೆ ಯಾರೋ ಅಡಿಯಲ್ಲಿ ಮಾಡಿದ ಮಾಡೆಲ್ ಅದು. 1.09 ಬಂದರೆ ಗಜ. ಸ್ಕೋರ್‌ಕಾರ್ಡ್‌ನಲ್ಲಿ 400 ಗಜ ಇದ್ದದ್ದನ್ನು 400 ಮೀಟರ್ ಅಂತ ಎಳೆದಿದ್ದಾರೆ. 400 ಗಜ ಅಂದರೆ ಸುಮಾರು 366 ಮೀಟರ್ ಮಾತ್ರ. ಇವೆರಡೂ ಸುಲಭ, ಬೇಗ ಸರಿಹೋಗುತ್ತವೆ.

1.05ರ ಆಸುಪಾಸು ಬಂದರೆ ಕುಳಿತುಕೊಳ್ಳಿ. ಸ್ವಲ್ಪ ಕೆಲಸ ಇದೆ, ಅದನ್ನೇ ಮುಂದೆ ಹೇಳುತ್ತೇನೆ.

ಟೀ ಹತ್ತಿರ ಸರಿ, ಗ್ರೀನ್ ಹತ್ತಿರ ಜಾರಿದೆ

ಲಕ್ಷಣ ಹೀಗಿರುತ್ತದೆ. ಉಪಗ್ರಹ ಚಿತ್ರ ನೋಡಿ ಮರ ಇಟ್ಟಿದ್ದೀರಿ. ಚಿತ್ರದ ಮೇಲೆ ಎಲ್ಲವೂ ಸರಿಯಾಗಿ ಕೂತಿದೆ. ಆದರೆ ಅಳತೆ ಮಾಡಿದಾಗ ಟೀಯಿಂದ (ಮೊದಲ ಹೊಡೆತದ ಜಾಗ) ಮೂಲೆಯ ಮಳೆಮರಕ್ಕೆ ಇರಬೇಕಾದಕ್ಕಿಂತ ದೂರ ಜಾಸ್ತಿ. ಇನ್ನೊಂದು ಬಗೆಯೂ ಉಂಟು. ನೆಲ ಒಂದು ಕಡೆಯಿಂದ, ಚಿತ್ರ ಇನ್ನೊಂದು ಕಡೆಯಿಂದ ಬಂದಿದೆ. ಟೀ ಹತ್ತಿರ ಎರಡೂ ಹೊಂದುತ್ತವೆ, ದೂರ ಹೋದಂತೆ ಮರಗಳು ಗುಡ್ಡದ ಅಂಚಿನಿಂದ ಆಚೆ ಸರಿಯುತ್ತವೆ.

ಕಾರಣ ನಕ್ಷೆಯ ಪ್ರೊಜೆಕ್ಷನ್, ಅಂದರೆ ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಲೆಕ್ಕ. ಅಂತರ್ಜಾಲದ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್, ಅಂದರೆ ಇಪಿಎಸ್‌ಜಿ ಎಂಬ ಪ್ರೊಜೆಕ್ಷನ್ ಪಟ್ಟಿಯಲ್ಲಿ 3857ನೇ ಸಂಖ್ಯೆಯದು, ಸಮಭಾಜಕದಿಂದ ದೂರ ಹೋದಂತೆ ಎಲ್ಲವನ್ನೂ ಹಿಗ್ಗಿಸುತ್ತದೆ. ಸ್ಕಾಟ್‌ಲೆಂಡ್‌ನ ಸೇಂಟ್ ಆಂಡ್ರೂಸ್ 56 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ಈ ತಪ್ಪು ಮಾಡಿದರೆ ಕೋರ್ಸ್ ಸುಮಾರು 1.8 ಪಟ್ಟು ದೊಡ್ಡದಾಗುತ್ತದೆ. ಮೊದಲ ಹೊಡೆತಕ್ಕೇ ಗೊತ್ತಾಗಿಬಿಡುತ್ತದೆ. ನಮ್ಮ ಕಡೆ ಹಾಗಲ್ಲ. ಗೋವಾದಲ್ಲಿ ಹಿಗ್ಗು ಸುಮಾರು 3.7 ಪ್ರತಿಶತ, ಪುಣೆಯಲ್ಲಿ 5.5, ಮುಂಬೈಯಲ್ಲಿ 5.8ರ ಹತ್ತಿರ. ಕಣ್ಣಿಗೆ ಕಾಣೋದೇ ಇಲ್ಲ. ಆದರೆ 366 ಮೀಟರಿನ ಹೋಲ್ (ಟೀಯಿಂದ ಕುಳಿಯವರೆಗಿನ ದಾರಿ) ಪುಣೆಯಲ್ಲಿ 386 ಮೀಟರ್ ಆಗುತ್ತದೆ. ಇಪ್ಪತ್ತು ಮೀಟರ್ ಅಂದರೆ ಆಟಗಾರನಿಗೆ ಒಂದೂವರೆ-ಎರಡು ಕ್ಲಬ್‌ನ (ಹೊಡೆಯುವ ಕೋಲಿನ) ವ್ಯತ್ಯಾಸ. "ನಿಮ್ಮ ಕೋರ್ಸ್‌ನಲ್ಲಿ ಯಾವಾಗಲೂ ಶಾರ್ಟ್ ಆಗುತ್ತೆ" ಅಂತ ಯಾರಾದರೂ ಗೊಣಗಿದರೆ ಅವರ ಸ್ವಿಂಗ್ ಮೇಲೆ ತಪ್ಪು ಹೊರಿಸುವ ಮೊದಲು ಇದನ್ನು ನೋಡಿ.

ಇದನ್ನು ಮುಚ್ಚಿಡುವ ಒಂದು ಸಂಗತಿ ಇದೆ. ಕ್ಯೂಜಿಐಎಸ್‌ನ ಅಳತೆಪಟ್ಟಿ ಸಾಮಾನ್ಯವಾಗಿ ಭೂಮಿಯ ಗೋಳಾಕಾರ ಲೆಕ್ಕ ಹಾಕಿ ನಿಜವಾದ ದೂರವನ್ನೇ ತೋರಿಸುತ್ತದೆ. ಅಲ್ಲಿ 366 ಅಂತಲೇ ಬರುತ್ತದೆ. ನೀವು ಖುಷಿಯಿಂದ ಎಕ್ಸ್‌ಪೋರ್ಟ್ ಮಾಡುತ್ತೀರಿ. ಹೊರಗೆ ಹೋಗುವ ಚಿತ್ರದ ಅಳತೆ ಮಾತ್ರ 386. ಅಳತೆ ಕಿಟಕಿಯಲ್ಲಿ ಎಲಿಪ್ಸಾಯ್ಡಲ್, ಕಾರ್ಟೀಸಿಯನ್ ಅಂತ ಎರಡು ಆಯ್ಕೆ ಇವೆ. ಎರಡರಲ್ಲೂ ಒಂದೇ ಗೆರೆ ಅಳೆಯಿರಿ. ಸಂಖ್ಯೆ ಬೇರೆ ಬೇರೆ ಬಂದರೆ ದೋಷ ಸಿಕ್ಕಿತು.

ಪರಿಹಾರ: ಪ್ರಾಜೆಕ್ಟ್, ಎತ್ತರದ ದತ್ತಾಂಶ, ಉಪಗ್ರಹ ಚಿತ್ರ, ಮೂರನ್ನೂ ಯುಟಿಎಂ ಎಂಬ ಪ್ರೊಜೆಕ್ಷನ್‌ನ 43 ಉತ್ತರ ವಲಯಕ್ಕೆ ತನ್ನಿ. ಅದರ ಸಂಖ್ಯೆ ಇಪಿಎಸ್‌ಜಿ 32643. ಈ ವಲಯ 72ರಿಂದ 78 ಡಿಗ್ರಿ ರೇಖಾಂಶದವರೆಗೆ ಇದೆ. ಮುಂಬೈ, ಪುಣೆ, ಗೋವಾ ಮೂರೂ ಇದರೊಳಗೆ ಬರುತ್ತವೆ, ನಮ್ಮ ಬೆಳಗಾವಿ, ಧಾರವಾಡ, ಬೆಂಗಳೂರು ಕೂಡ. ಸುಮ್ನೆ ಪ್ರಾಜೆಕ್ಟ್‌ನ ಸೆಟ್ಟಿಂಗ್ ಬದಲಿಸಿದರೆ ಸಾಲದು. ಲೇಯರ್‌ಗಳನ್ನೇ ರೀಪ್ರೊಜೆಕ್ಟ್ ಮಾಡಿ ಹೊಸ ಫೈಲ್ ಉಳಿಸಬೇಕು.

ಈಗಾಗಲೇ ಮರ ಎಲ್ಲ ಇಟ್ಟಾಗಿದ್ದರೆ? ಎಲ್ಲವೂ ಒಂದೇ ಮೂಲೆಯಿಂದ ಅಳೆದು ಇಟ್ಟದ್ದಾಗಿದ್ದರೆ ಮರಗಳ ಜಾಗವನ್ನು ಮಾತ್ರ ಆ ಅನುಪಾತದಿಂದ ಕುಗ್ಗಿಸಬಹುದು. ಗಾತ್ರವನ್ನಲ್ಲ, ಜಾಗವನ್ನು. ಗುಂಪಾಗಿ ಸ್ಕೇಲ್ ಮಾಡಿದರೆ ಬೆಂಚು, ಬಾವುಟ ಎಲ್ಲವೂ 5 ಪ್ರತಿಶತ ಕುಳ್ಳಾಗುತ್ತವೆ. ಯಾರೂ ಗಮನಿಸಲ್ಲ ಅನ್ನೋದು ನಿಜ, ಆದರೆ ಮುಂದೆ ಇನ್ನೊಂದು ದೋಷ ಹುಡುಕುವಾಗ ಅದೇ ದಾರಿ ತಪ್ಪಿಸುತ್ತದೆ.

ಎರಡು ಸಣ್ಣ ಲಕ್ಷಣ ಇಲ್ಲೇ ಹೇಳಿಬಿಡುತ್ತೇನೆ. ಮರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಉತ್ತರ-ದಕ್ಷಿಣ ಅದಲುಬದಲಾಗಿದ್ದರೆ ನೆಲದ ಎತ್ತರ ತುಂಬಿದ ರಾ ಫೈಲ್ ಇಂಪೋರ್ಟ್ ಮಾಡುವಾಗ ಲಂಬವಾಗಿ ತಿರುಗಿಸುವ ಗುರುತು ನೋಡಿ. ನೆಲವೇ ಮುಳ್ಳುಮುಳ್ಳಾಗಿ ಎದ್ದಿದ್ದರೆ ಬೈಟ್ ಆರ್ಡರ್ (ಆ ಫೈಲ್‌ನ ಸಂಖ್ಯೆಗಳನ್ನು ಓದುವ ಕ್ರಮ) ತಪ್ಪಿದೆ.

ತೇಲುವ ಮರ, ಹೂತ ಬೆಂಚು

ಎಷ್ಟು ತೇಲುತ್ತಿದೆ ಅಂತ ಮೂರು ಜಾಗದಲ್ಲಿ ಅಳೆಯಿರಿ. ಸಮತಟ್ಟು ನೆಲದಲ್ಲಿ ಒಂದು, ಇಳಿಜಾರಿನಲ್ಲಿ ಒಂದು, ನೀವು ಇತ್ತೀಚೆಗೆ ನೆಲ ತಿದ್ದಿದ ಜಾಗದಲ್ಲಿ ಒಂದು.

ಮೂರರಲ್ಲೂ ಒಂದೇ ಅಳತೆ ತೇಲುತ್ತಿದ್ದರೆ ಪಿವಟ್ ತಪ್ಪು. ಮಾಡೆಲ್‌ನ ಮೂಲಬಿಂದು ಕಾಂಡದ ಬುಡದಲ್ಲಿ ಇರಬೇಕು. ಬುಡಕ್ಕಿಂತ ಕೆಳಗಿದ್ದರೆ ಮರ ತೇಲುತ್ತದೆ, ಮರದ ನಡುವಿನಲ್ಲಿದ್ದರೆ ಅರ್ಧ ಹೂತುಹೋಗುತ್ತದೆ. ಬ್ಲೆಂಡರ್‌ನಲ್ಲಿ ತ್ರೀಡಿ ಕರ್ಸರನ್ನು ಬುಡದ ನಡುವಿಗೆ ತಂದು ಒರಿಜಿನನ್ನು ಅಲ್ಲಿಗೆ ಕೂರಿಸಿ. ಇಟ್ಟ ಮರಗಳೆಲ್ಲ ತಾವೇ ಸರಿಯಾಗುತ್ತವೆ. ಒಂದೊಂದನ್ನೇ ಕೆಳಗೆ ಎಳೆದಿದ್ದವರಿಗೆ ಈಗ ಎಲ್ಲವೂ ಹೂತುಹೋಗುತ್ತವೆ. ಮುಟ್ಟಬೇಡಿ ಅಂದದ್ದು ಅದಕ್ಕೇ.

ಇಳಿಜಾರಿನಲ್ಲಿ ಮಾತ್ರ ತೇಲುತ್ತಿದ್ದರೆ ಅದು ಬರೀ ಜ್ಯಾಮಿತಿ. ಒಂದು ಮೀಟರ್ ದಪ್ಪದ ಕಾಂಡ, 30 ಪ್ರತಿಶತ ಇಳಿಜಾರು ಅಂದುಕೊಳ್ಳಿ. ಬುಡದ ನಡು ನೆಲಕ್ಕೆ ತಾಗಿದ್ದರೂ ಇಳಿಜಾರಿನ ಕಡೆಯ ಅಂಚು 15 ಸೆಂಟಿಮೀಟರ್ ಮೇಲಿರುತ್ತದೆ. ನಾಲ್ಕು ಮೀಟರ್ ಹರಡಿದ ಆಲದ ಬುಡಕ್ಕೆ 60 ಸೆಂಟಿಮೀಟರ್. ಮಾಡೆಲ್‌ನಲ್ಲೇ ಬೇರಿನ ಭಾಗವನ್ನು ಕೆಳಗೆ ಉದ್ದ ಬೆಳೆಸಿ. ಮೂಲಬಿಂದು ಇದ್ದಲ್ಲೇ ಇರಲಿ.

ನೆಲ ತಿದ್ದಿದ ಜಾಗದಲ್ಲಿ ಮಾತ್ರ ತೇಲುತ್ತಿದ್ದರೆ ಇದನ್ನು ತಿಳಿದಿರಬೇಕು. ಯೂನಿಟಿಯ ಟೆರೇನ್ (ನೆಲದ) ಬ್ರಷ್‌ನಿಂದ ಇಟ್ಟ ಮರಗಳು ನೆಲ ಏರಿಳಿದಂತೆ ತಾವೂ ಏರಿಳಿಯುತ್ತವೆ. ಕೈಯಿಂದ ಸೀನ್‌ಗೆ ಎಳೆದು ಇಟ್ಟ ಆಬ್ಜೆಕ್ಟ್‌ಗಳು ಇದ್ದಲ್ಲೇ ನಿಲ್ಲುತ್ತವೆ. ಹಾಗಾಗಿ ಮರ ಸರಿ ಇದ್ದು ಬೆಂಚು, ಗೋಡೆ, ಗೂಟ ಮಾತ್ರ ತೇಲುತ್ತಿದ್ದರೆ ಅದು ನೆಲವನ್ನು ಆಮೇಲೆ ತಿದ್ದಿದ ಗುರುತು. ಕೈಯಿಂದ ಇಟ್ಟದ್ದನ್ನೆಲ್ಲ ಒಂದೇ ಪೇರೆಂಟ್ (ಗುಂಪಿನ ತಲೆ) ಅಡಿ ಇಟ್ಟುಕೊಂಡಿದ್ದರೆ, ಟೆರೇನ್‌ನ ಎತ್ತರ ಓದಿ ಕೂರಿಸುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಸಾಕು. ಗೋವಾದ ಕಡೆಯ ಕೆಂಪುಕಲ್ಲಿನ ಕಾಂಪೌಂಡ್‌ಗೆ ಮಾತ್ರ ಇದು ಆಗಿಬರೋದಿಲ್ಲ. ಉದ್ದನೆಯ ಗೋಡೆಗೆ ಒಂದೇ ಬಿಂದುವಿನ ಎತ್ತರ ಕೊಟ್ಟರೆ ಒಂದು ತುದಿ ಹೂತು, ಇನ್ನೊಂದು ತುದಿ ಹಾರುತ್ತದೆ. ಗೋಡೆಯನ್ನು ಎರಡು-ಮೂರು ಮೀಟರಿನ ತುಂಡುಗಳಾಗಿ ಕತ್ತರಿಸಿ. ನಿಜವಾದ ಗೋಡೆಗಳೂ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯುತ್ತವೆ, ಅಲ್ವಾ?

ಇನ್ನೊಂದು ಲಕ್ಷಣ ನಮ್ಮ ಕಡೆಯ ಕೋರ್ಸ್‌ಗಳಲ್ಲಿ ಜಾಸ್ತಿ. ಮರಗಳ ಗುಂಪು ಇರುವಲ್ಲೆಲ್ಲ ನೆಲ ದಿಬ್ಬವಾಗಿ ಎದ್ದಿರುತ್ತದೆ. ಮರಗಳು ದಿಬ್ಬದ ಮೇಲೆ ನಿಂತು ಎರಡು ಪಟ್ಟು ಎತ್ತರ ಕಾಣುತ್ತವೆ. ಮರವನ್ನು ಕುಗ್ಗಿಸೋಕೆ ಹೋಗಬೇಡಿ. ಅಮೆರಿಕದ ಕೋರ್ಸ್ ಮಾಡುವವರಿಗೆ ಲೈಡಾರ್ (ಲೇಸರ್‌ನಿಂದ ಅಳೆದ ಎತ್ತರ) ದತ್ತಾಂಶ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಎಲೆ ಬೇರೆ, ನೆಲ ಬೇರೆ. ನಾವು ಬಹಳ ಸಲ ಎಸ್‌ಆರ್‌ಟಿಎಂ ಎಂಬ ಎತ್ತರದ ದತ್ತಾಂಶ ಬಳಸುತ್ತೇವೆ. ಅದು 2000ದ ಫೆಬ್ರವರಿಯಲ್ಲಿ ಎಂಡೆವರ್ ಗಗನನೌಕೆ 11 ದಿನ ಹಾರಿ ರೇಡಾರ್‌ನಿಂದ ಅಳೆದದ್ದು. ಸುಮಾರು 30 ಮೀಟರಿಗೆ ಒಂದು ಎತ್ತರ. ಒಂದು ಗ್ರೀನ್‌ಗೆ ಹೆಚ್ಚುಕಡಿಮೆ ಒಂದೇ ಸಂಖ್ಯೆ! ಮೇಲಾಗಿ ರೇಡಾರ್ ದಟ್ಟ ಮರಗಳ ಮೇಲ್ಭಾಗ, ಕಟ್ಟಡದ ಛಾವಣಿ ಎಲ್ಲವನ್ನೂ ಸೇರಿಸಿಕೊಂಡು ಎತ್ತರ ಹೇಳುತ್ತದೆ. 1927ರಲ್ಲಿ ಶುರುವಾದ ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್‌ನಂತೆ ಸುತ್ತ ಊರು ಬೆಳೆದಿರುವ ಕಡೆ ಅಂಚುಗಳನ್ನು ನಂಬಲೇಬಾರದು. ಖಾರ್ಘರ್ ಕಣಿವೆಯಂಥ ಜಾಗದಲ್ಲಿ ದೊಡ್ಡ ಗುಡ್ಡದ ಆಕಾರ ಸರಿಯಾಗಿ ಬರುತ್ತದೆ, ಫೇರ್‌ವೇಯ ಸಣ್ಣ ಏರಿಳಿತ ಬರುವುದಿಲ್ಲ.

ಪತ್ತೆ ಮಾಡೋದು ಹೇಗೆ? ಮರಗಳನ್ನೆಲ್ಲ ಮರೆಮಾಡಿ, ಉಪಗ್ರಹ ಚಿತ್ರವನ್ನು ನೆಲದ ಮೇಲೆ ಹೊದಿಸಿ ನೋಡಿ. ದಿಬ್ಬದ ಆಕಾರ ಹಸಿರು ಗುಂಪಿನ ಆಕಾರಕ್ಕೆ ಹೊಂದಿಕೊಂಡರೆ ಅದು ನೆಲವಲ್ಲ, ಎಲೆ. ಆ ಭಾಗವನ್ನು ಸುತ್ತಲಿನ ಬಯಲಿನ ಎತ್ತರಕ್ಕೆ ತಗ್ಗಿಸಿ, ಅಂಚನ್ನು ನಯಗೊಳಿಸಿ.

ಚೆಂಡು ಮರದೊಳಗೆ ನುಗ್ಗುತ್ತದೆ, ಇಲ್ಲವೇ ಗಾಳಿಗೆ ಬಡಿದು ವಾಪಸ್ ಬರುತ್ತದೆ

ಎರಡಕ್ಕೂ ಕೊಲೈಡರ್, ಅಂದರೆ ಚೆಂಡು ಬಡಿಯಬೇಕಾದ ಕಾಣದ ಕವಚ, ಕಾರಣ. ನುಗ್ಗಿಹೋಗುತ್ತಿದ್ದರೆ ಮೊದಲು ಟೆರೇನ್ ಕೊಲೈಡರ್‌ನಲ್ಲಿ ಮರಗಳ ಕೊಲೈಡರ್ ಆನ್ ಆಗಿದೆಯಾ ನೋಡಿ. ಎಲ್ಲ ಜಾತಿಯಲ್ಲೂ ನುಗ್ಗುತ್ತಿದ್ದರೆ ಅದೇ. ಒಂದು ಜಾತಿಯಲ್ಲಿ ಮಾತ್ರ ಅಂದರೆ ಆ ಪ್ರಿಫ್ಯಾಬ್‌ಗೆ (ಮರದ ಅಚ್ಚಿಗೆ) ಕ್ಯಾಪ್ಸೂಲ್ ಕೊಲೈಡರ್ ಹಾಕಿಲ್ಲ.

ಗಾಳಿಗೆ ಬಡಿಯುವ ಕತೆ ಬೇರೆ. ಸಿದ್ಧ ಮರಗಳ ಸಂಗ್ರಹಗಳಲ್ಲಿ ಪೈನ್, ಓಕ್, ಮೇಪಲ್ ರಾಶಿ ಇವೆ. ಪುಣೆ ಕ್ಯಾಂಪ್‌ನ ರಸ್ತೆಗಳ ಮಳೆಮರ ಸಿಗೋದು ಕಷ್ಟ. ಅದಕ್ಕೆ ಓಕ್ ಮರವನ್ನೇ ಅಡ್ಡಕ್ಕೆ ಎಳೆದು ಛತ್ರಿ ಮಾಡುತ್ತಾರೆ. ದೂರದಿಂದ ಚೆನ್ನಾಗೇ ಕಾಣುತ್ತದೆ. ಆದರೆ ಕೊಂಬೆಯ ಜೊತೆ ಕಾಂಡವೂ ಅಗಲವಾಗುತ್ತದೆ, ಕೊಲೈಡರ್ ಕೂಡ. ಕ್ಯಾಪ್ಸೂಲ್ ಅಂಡಾಕಾರವಾಗಿ ಎಳೆಯೋದಿಲ್ಲ. ಅಡ್ಡ ಎರಡು ದಿಕ್ಕಿನಲ್ಲಿ ಯಾವ ಸ್ಕೇಲ್ ಜಾಸ್ತಿಯೋ ಅದನ್ನೇ ತ್ರಿಜ್ಯಕ್ಕೆ ಹಿಡಿಯುತ್ತದೆ. ಕಾಂಡದಿಂದ ಒಂದು ಮಾರು ದೂರದಲ್ಲಿ ಚೆಂಡು ಠಣ್ ಅಂತ ವಾಪಸ್. ನನ್ನ ಅಭಿಪ್ರಾಯದಲ್ಲಿ ಎಳೆದ ಮರ ಬೇಡವೇ ಬೇಡ. ಬ್ಲೆಂಡರ್‌ನಲ್ಲಿ ಎಲೆಯ ಭಾಗವನ್ನು ಮಾತ್ರ ಆರಿಸಿ ಹಿಗ್ಗಿಸಿ, ಕಾಂಡ ಬಿಟ್ಟುಬಿಡಿ, ಸ್ಕೇಲ್ ಅಪ್ಲೈ ಮಾಡಿ, ಹೊಸ ಪ್ರಿಫ್ಯಾಬ್ ಮಾಡಿ. ಅರ್ಧ ಗಂಟೆಯ ಕೆಲಸ. ಮಳೆಮರವೂ ಹುಟ್ಟಿದ್ದು ಅಮೆರಿಕ ಖಂಡದ ಉಷ್ಣ ಪ್ರದೇಶದಲ್ಲೇ, ಆದರೂ ಆ ಕಡೆಯ ಸಂಗ್ರಹಗಳಲ್ಲಿ ಅದಕ್ಕೆ ಜಾಗ ಇಲ್ಲದಿರುವುದು ನನಗೆ ಸ್ವಲ್ಪ ಬೇಸರವೇ.

ಮರಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದರೆ? ಟೆರೇನ್ ಮರಗಳಲ್ಲಿ ಯಾದೃಚ್ಛಿಕ ತಿರುಗುವಿಕೆ ಕೆಲಸ ಮಾಡಲು ಆ ಪ್ರಿಫ್ಯಾಬ್‌ಗೆ ಎಲ್‌ಒಡಿ ಗ್ರೂಪ್ (ದೂರಕ್ಕೆ ತಕ್ಕಂತೆ ಮಾಡೆಲ್ ಬದಲಿಸುವ ವ್ಯವಸ್ಥೆ) ಬೇಕು. ಅದನ್ನು ಹಾಕಿ ಮತ್ತೆ ಮರ ಬಿತ್ತಿ.

ಗುಲಾಬಿ ಮರಗಳು, ಕಾಣೆಯಾದ ಆಬ್ಜೆಕ್ಟ್‌ಗಳು

ಮರ ಪೂರ್ತಿ ಗಾಢ ಗುಲಾಬಿ ಆಗಿದ್ದರೆ ಶೇಡರ್ (ಬಣ್ಣ-ಬೆಳಕು ಮೂಡಿಸುವ ಪುಟ್ಟ ಪ್ರೋಗ್ರಾಂ) ಸಿಕ್ಕಿಲ್ಲ. ಬೇರೆ ರೆಂಡರ್ ಪೈಪ್‌ಲೈನ್‌ಗೆ (ಯೂನಿಟಿ ಚಿತ್ರ ಮೂಡಿಸುವ ಬಗೆಗೆ) ಮಾಡಿದ ಮರ ತಂದಿದ್ದೀರಿ. ಮೆಟೀರಿಯಲ್‌ನ ಶೇಡರ್ ಬದಲಿಸಿದರೆ ಮುಗಿಯಿತು.

ಗೆಳೆಯ ಕಳಿಸಿದ ಫೋಲ್ಡರ್ ತೆರೆದಾಗ ಎಲ್ಲ ಕಡೆ ಪ್ರಿಫ್ಯಾಬ್ ಮಿಸ್ಸಿಂಗ್ ಅಂತ ಬಂದರೆ ಅವನು ಮೆಟಾ ಫೈಲ್‌ಗಳನ್ನು ಬಿಟ್ಟು ನಕಲು ಮಾಡಿದ್ದಾನೆ. ಯೂನಿಟಿ ಪ್ರತಿ ಫೈಲ್ ಪಕ್ಕ ಒಂದು ಮೆಟಾ ಫೈಲ್ ಇಡುತ್ತದೆ. ಅದರೊಳಗಿನ ಗುರುತು ಸಂಖ್ಯೆಯಿಂದಲೇ ಸೀನ್‌ಗೆ ಯಾವ ಮರ ಎಲ್ಲಿದೆ ಅಂತ ಗೊತ್ತಾಗೋದು. ಮೆಟಾ ಇಲ್ಲದಿದ್ದರೆ ಹೊಸ ಸಂಖ್ಯೆ ಹುಟ್ಟುತ್ತದೆ, ಹಳೇ ನಂಟು ಕಡಿಯುತ್ತದೆ. ಕೈಯಿಂದ ಮರುಜೋಡಿಸಲು ಕೂರುವ ಮೊದಲು ಅವನಿಗೆ ಫೋನ್ ಮಾಡಿ. ಮೂಲ ಫೋಲ್ಡರ್‌ನಲ್ಲಿ ಮೆಟಾ ಫೈಲ್ ಇನ್ನೂ ಇರುತ್ತದೆ.

ನಿಧಾನ, ಕಣ್ಣೆದುರೇ ಮಾಯ

ಎಡಿಟರ್‌ನಲ್ಲಿ ಮರ ದೂರದವರೆಗೂ ಕಾಣುತ್ತದೆ, ಬಿಲ್ಡ್ ಮಾಡಿದಾಗ ಹತ್ತಿರ ಹೋದ ಮೇಲೆಯೇ ಹುಟ್ಟುತ್ತದೆ ಅಂದರೆ ಕ್ವಾಲಿಟಿ ಸೆಟ್ಟಿಂಗ್‌ನ ಎಲ್‌ಒಡಿ ಬಯಾಸ್ ನೋಡಿ. ಎಡಿಟರ್ ಒಂದು ಮಟ್ಟದಲ್ಲಿ, ಬಿಲ್ಡ್ ಇನ್ನೊಂದು ಮಟ್ಟದಲ್ಲಿ ಓಡುತ್ತಿರುತ್ತದೆ. ಆಮೇಲೆ ಟೆರೇನ್‌ನ ಟ್ರೀ ಡಿಸ್ಟೆನ್ಸ್.

ಆಟವೇ ತಡವರಿಸುತ್ತಿದ್ದರೆ ಮರ ಕಡಿಯುವ ಮೊದಲು ಎರಡು ಪರೀಕ್ಷೆ ಮಾಡಿ. ರೆಸಲ್ಯೂಶನ್ ಅರ್ಧ ಮಾಡಿ. ಆಗ ವೇಗ ಏರಿದರೆ ಹೊರೆ ಗ್ರಾಫಿಕ್ಸ್ ಕಾರ್ಡ್ ಮೇಲಿದೆ. ಒಂದರ ಮೇಲೊಂದು ಬರುವ ಪಾರದರ್ಶಕ ಎಲೆಗಳು, ನೆರಳು, ಇವನ್ನು ತಗ್ಗಿಸಿ. ವೇಗ ಏರದಿದ್ದರೆ ಹೊರೆ ಪ್ರೊಸೆಸರ್ ಮೇಲೆ. ಆಬ್ಜೆಕ್ಟ್‌ಗಳ ಎಣಿಕೆಯೇ ಜಾಸ್ತಿಯಾಗಿದೆ. ಆಗ ಟೆರೇನ್‌ನ ಮರಗಳ ಲೆಕ್ಕ ನೋಡಿ. ಗುಂಪಾಗಿ ಮರ ಬಿತ್ತುವ ಗುಂಡಿಯನ್ನು ಎರಡು ಸಲ ಒತ್ತಿದ್ದರೆ, ಕಾಪಿ ಮಾಡಿದ ತೋಪನ್ನು ಅದೇ ಜಾಗಕ್ಕೆ ಪೇಸ್ಟ್ ಮಾಡಿದ್ದರೆ ಮರದೊಳಗೆ ಮರ ನಿಂತಿರುತ್ತದೆ. ಕ್ಯಾಮರಾ ಅಲುಗಿದಾಗ ಎಲೆಗಳು ಮಿನುಗಿದರೆ ಅದೇ ಗುರುತು.

ಗೂಟದ ಒಳಗಿದ್ದರೂ ಔಟ್ ಆಫ್ ಬೌಂಡ್ಸ್

ಇದು ಜಗಳಕ್ಕೆ ಕಾರಣವಾಗುವ ದೋಷ, ಹಾಗಾಗಿ ಬಿಡೋ ಹಾಗಿಲ್ಲ. ಚೆಂಡು ಬಿಳಿ ಗೂಟದ ಒಳಗಡೆ ಬಿದ್ದಿದೆ, ಸಿಮ್ಯುಲೇಟರ್ ಔಟ್ ಅನ್ನುತ್ತದೆ. ನಿಯಮದಲ್ಲಿ ಗಡಿ ಅಂದರೆ ಬಿಳಿ ಗೂಟಗಳ ಕೋರ್ಸ್ ಕಡೆಯ ಅಂಚನ್ನು ನೆಲಮಟ್ಟದಲ್ಲಿ ಸೇರಿಸುವ ಗೆರೆ. ತಂತ್ರಾಂಶದಲ್ಲಿ ಗೂಟ ಬರೀ ಅಲಂಕಾರ. ಗಡಿಯ ಗೆರೆ ಬೇರೆಯೇ ಇರುತ್ತದೆ, ಗೂಟ ನೋಡಿ ಅದು ಏನನ್ನೂ ತೀರ್ಮಾನಿಸುವುದಿಲ್ಲ. ಇಲ್ಲಿ ಗೂಟ ಮತ್ತು ಗೆರೆ ಎರಡನ್ನೂ ಮೇಲಿನಿಂದ ನೇರವಾಗಿ ನೋಡಿ ಹೋಲಿಸಬೇಕು. ಓರೆಯಾಗಿ ನೋಡಿದರೆ ಇಳಿಜಾರಿನಲ್ಲಿ ಮೋಸ ಹೋಗುತ್ತೀರಿ.

ಕೆಂಪು, ಹಳದಿ ಗೂಟಗಳ ಲೆಕ್ಕ ತಿರುಗುಮುರುಗು. 2019ರ ನಿಯಮಗಳಿಂದ ಪೆನಾಲ್ಟಿ ಏರಿಯಾ (ಕೆರೆ, ತೊರೆಯಂಥ ಕಡೆ) ಅಂತ ಕರೆಯುವ ಆ ಜಾಗದ ಗಡಿ ಗೂಟಗಳ ಹೊರ ಅಂಚಿನಲ್ಲಿ ಹೋಗುತ್ತದೆ, ಗೂಟ ಒಳಗೆ ಸೇರುತ್ತದೆ. ಬಿಳಿ ಗೂಟಕ್ಕೆ ಇಟ್ಟ ಅಂತರವನ್ನೇ ಕೆಂಪಿಗೂ ನಕಲು ಮಾಡಿದವರಿಗೆ ಗೂಟದಷ್ಟು ಅಗಲ ತಪ್ಪು ಬರುತ್ತದೆ.

ಗೆರೆ ನಕ್ಷೆಯಿಂದ ಬಂದದ್ದು, ಗೂಟ ಕೈಯಿಂದ ಇಟ್ಟದ್ದು. ಹಾಗಾಗಿ ಸರಿಸುವುದು ಗೂಟವನ್ನೇ. ಒಂದು ಗೂಟದ ಹತ್ತಿರ ನಿಂತರೆ ಮುಂದಿನದು ಕಾಣಬೇಕು, ನಡುವೆ ಮಳೆಮರ ಅಡ್ಡ ಬಂದರೆ ಇನ್ನೊಂದು ಗೂಟ ಸೇರಿಸಿ. ಗೂಟಗಳಿಗೆ ಕೊಲೈಡರ್ ಬೇಡ ಅನ್ನೋದು ನನ್ನ ಮತ. ಬೇಕು ಅನ್ನುವವರು ಹಾಕಿಕೊಳ್ಳಲಿ, ಗೂಟಕ್ಕೆ ಬಡಿದು ಚೆಂಡು ಔಟ್ ಆದಾಗ ಬರುವ ಫೋನ್ ಅವರೇ ಎತ್ತಲಿ.